ಎಂಆರ್‌ಪಿ ಮೇಲೆ ಶೇ 20 ಬಿಟ್ಟರೆ ಮೆಡಿಕಲ್ ಶಾಪ್‌ಗೆ ಉಳಿಯುವುದೆಷ್ಟು?

ಬಸವೇಶ್ವರನಗರ_ಗ್ರಾಹಕ:
ಒಂದೇ ರಸ್ತೆಯಲ್ಲಿ ಮೂರು ಮೆಡಿಕಲ್ ಶಾಪ್. ಒಂದರ ಮುಂದೆ ‘ಎಲ್ಲ ಔಷಧಿಗಳ ಮೇಲೆ ಶೇ 20 ರಿಯಾಯಿತಿ’ ಅಂತ ಬೋರ್ಡು. ಇನ್ನೊಂದರಲ್ಲಿ ಕೇಳಿದರೆ ಶೇ 10. ಮೂರನೆಯವರು ಚಿಲ್ಲರೆಯನ್ನೂ ಬಿಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಅರ್ಧಕ್ಕರ್ಧ ಲಾಭ ಎನ್ನುವವರೂ ಇದ್ದಾರೆ, ಬಾಡಿಗೆಯೂ ಗಿಟ್ಟುವುದಿಲ್ಲ ಎನ್ನುವವರೂ ಇದ್ದಾರೆ. ಬಲ್ಲವರು ಲೆಕ್ಕ ಬಿಡಿಸಿ ಹೇಳುತ್ತೀರಾ? ಅಂಗಡಿ ಇಡಬೇಕು ಅಂತಿರುವವರಿಗೂ ಉಪಯೋಗವಾದೀತು.

ಡಿಫಾರ್ಮ್_ಕೌಂಟರ್:
ಮೊದಲು ಒಂದೇ ಒಂದು ಸ್ಟ್ರಿಪ್ ಬಿಡಿಸೋಣ. ಎಂಆರ್‌ಪಿ ₹100, ಜಿಎಸ್‌ಟಿ ಶೇ 5, ಬೆಲೆ ನಿಯಂತ್ರಣದ ಪಟ್ಟಿಯಲ್ಲಿ ಇಲ್ಲದ ಔಷಧಿ ಅಂತ ಇಟ್ಟುಕೊಳ್ಳಿ. ತೆರಿಗೆ ತೆಗೆದರೆ ₹95.24. ವ್ಯಾಪಾರದ ವಾಡಿಕೆಯಂತೆ ಇದರಲ್ಲಿ ಅಂಗಡಿಯವನಿಗೆ ಶೇ 20, ಅಂದರೆ ಪಿಟಿಆರ್ (ಅಂಗಡಿಯವನು ಕೊಳ್ಳುವ ದರ) ₹76.19. ಅದರಲ್ಲಿ ಸ್ಟಾಕಿಸ್ಟ್‌ಗೆ (ಕಂಪನಿಯ ಮಾಲು ಅಂಗಡಿಗಳಿಗೆ ಹಂಚುವ ಸಗಟು ವ್ಯಾಪಾರಿ) ಶೇ 10, ಅವರು ಕೊಳ್ಳುವ ದರ ₹68.57. ಪಿಟಿಆರ್ ಮೇಲೆ ಜಿಎಸ್‌ಟಿ ₹3.81 ಸೇರಿ ನಮ್ಮ ಕೈಗೆ ಬರುವಾಗ ಸರಿಯಾಗಿ ₹80.

ಪೂರ್ತಿ ಎಂಆರ್‌ಪಿಗೆ ಮಾರಿದರೆ ತೆರಿಗೆ ಕಳೆದು ಉಳಿಯುವುದು ₹19.05. ಶೇ 10 ಬಿಟ್ಟರೆ ₹9.52. ಗ್ರಾಹಕರಿಗೆ ಹೋದದ್ದು ಬೆಲೆಯ ಹತ್ತನೇ ಒಂದು ಪಾಲು, ಅಂಗಡಿಯಿಂದ ಹೋದದ್ದು ಲಾಭದ ಅರ್ಧ. ಅದೇ ದುಡ್ಡು ಕಾಣಬೇಕಾದರೆ ಎರಡರಷ್ಟು ಮಾಲು ಮಾರಬೇಕು. ಶೇ 20 ಬಿಟ್ಟರೆ ಸೊನ್ನೆ.

ಪಟ್ಟಿಯಲ್ಲಿರುವ ಔಷಧಿಗಳಿಗೆ, ಅಂದರೆ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯವಕ್ಕೆ, ಅಂಗಡಿಯ ಪಾಲು ಶೇ 16. ಮೆಟ್‌ಫಾರ್ಮಿನ್ 500, ಟೆಲ್ಮಿಸಾರ್ಟನ್ 40, ಅಟೊರ್ವಾಸ್ಟಾಟಿನ್ 10 ಎಲ್ಲ ಅಲ್ಲಿ ಬರುತ್ತವೆ. 2022ರ ಪಟ್ಟಿಗೆ ಟೆನೆಲಿಗ್ಲಿಪ್ಟಿನ್, ಇನ್ಸುಲಿನ್ ಗ್ಲಾರ್ಜಿನ್ ಕೂಡ ಸೇರಿದವು.

ಕಾಟನ್‌ಪೇಟೆ_ಸ್ಟಾಕಿಸ್ಟ್:
ಡಿಫಾರ್ಮ್ ಸಾರ್, ಆ 16 ಅನ್ನೋದನ್ನ ಹಂಗೇ ಬಿಟ್ಟರೆ ಜನ ಎಂಆರ್‌ಪಿ ಮೇಲೆ 16 ಅಂದ್ಕೋತಾರೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಸೂತ್ರ ಬೇರೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರೋ ಬ್ರ್ಯಾಂಡುಗಳ ಪಿಟಿಆರ್‌ಗಳ ಸರಾಸರಿ ತೆಗೀತಾರೆ, ಅದರ ಮೇಲೆ 16 ಕೂಡಿಸ್ತಾರೆ. ಅದು ಗರಿಷ್ಠ ಬೆಲೆ, ಜಿಎಸ್‌ಟಿ ಆಮೇಲೆ. ಮೇಲಿಂದ ಕಳೆಯೋದಲ್ಲ, ಕೆಳಗಿಂದ ಕೂಡಿಸೋದು. ₹95.24ನ್ನ 1.16ರಿಂದ ಭಾಗಿಸಿ, ಪಿಟಿಆರ್ ₹82.10 ಬರುತ್ತೆ. ಅಂಗಡಿಗೆ ಸಿಗೋದು ₹13.14, ಅಂದ್ರೆ ಮಾರುವ ಬೆಲೆಯಲ್ಲಿ ಶೇ 13.8. ಕೆಲವು ಕಂಪನಿಗಳು ಧಾರಾಳವಾಗಿ ಮೇಲಿಂದಲೇ 16 ಕಳೆದು ಕೊಡ್ತವೆ, ಎಲ್ಲರೂ ಅಲ್ಲ. ಅಂಗಡಿ ಶುರು ಮಾಡೋರು ಪ್ರತಿ ಕಂಪನಿಯ ಬಿಲ್ ಹಿಡ್ಕೊಂಡು ಇದನ್ನ ತಾಳೆ ನೋಡ್ಬೇಕು.

ಇನ್ನು ಸ್ಕೀಮ್. 10+1, ಅಂದ್ರೆ ಹತ್ತು ಕೊಂಡ್ರೆ ಒಂದು ಉಚಿತ. ಅದು ಶೇ 10 ಅಲ್ಲ, 11ಕ್ಕೆ 10ರ ದುಡ್ಡು, ಶೇ 9.09. ₹80ರ ಸ್ಟ್ರಿಪ್ ₹72.73 ಆಗುತ್ತೆ. ಚೆನ್ನಾಗೇ ಇದೆ, ಹನ್ನೊಂದೂ ಮಾರಿದ್ರೆ. 8 ಮಾರಿ 3 ಎಕ್ಸ್‌ಪೈರಿ ಆದ್ರೆ ಹಾಕಿದ್ದು ₹800, ಬಂದದ್ದು ₹800. ಸ್ಕೀಮಲ್ಲಿ ಬಂದ ಮಾಲನ್ನ ವಾಪಸ್ ತಗೊಳ್ಳೋವಾಗ ಕಂಪನಿ ಮುಖ ತಿರುಗಿಸೋದು ಬೇರೆ. ಹೊಸಬರು ಮುಗ್ಗರಿಸೋದು ಇಲ್ಲೇ. ತಿಂಗಳಿಗೆ ಎರಡು ಹೋಗೋ ಐಟಂಗೆ ಸ್ಕೀಮ್ ನೋಡಿ 22 ಎತ್ತುತಾರೆ.

ಬಸವೇಶ್ವರನಗರ_ಗ್ರಾಹಕ:
ಹಾಗಾದರೆ ಶೇ 20 ಬೋರ್ಡಿನವರು ಧರ್ಮಕ್ಕೆ ಮಾರುತ್ತಿದ್ದಾರೆಯೇ? ಆ್ಯಪ್‌ನವರು?

ಕಾಟನ್‌ಪೇಟೆ_ಸ್ಟಾಕಿಸ್ಟ್:
ಧರ್ಮದ ಮಾತೇ ಇಲ್ಲ 😄 ದೊಡ್ಡ ಸರಪಳಿ ಅಂಗಡಿಗಳು, ಆ್ಯಪ್‌ಗಳ ಬೆನ್ನಿಗೆ ಸಗಟು ಲೈಸೆನ್ಸಿರೋ ಸಂಸ್ಥೆ ಇರುತ್ತೆ. ಅವರಿಗೆ ಮಾಲು ಸ್ಟಾಕಿಸ್ಟ್ ದರಕ್ಕೇ ಬೀಳುತ್ತೆ, ₹68.57ಕ್ಕೆ ತೆರಿಗೆ ಸೇರಿ ₹72. ₹80ಕ್ಕೆ ಮಾರಿದ್ರೂ ₹8 ಕೈಲಿ. ಮೇಲಿಂದ ಡೆಲಿವರಿ ಚಾರ್ಜು, ಇಷ್ಟು ರೂಪಾಯಿ ಮೇಲೆ ಕೊಂಡ್ರೆ ಮಾತ್ರ ಅನ್ನೋ ಷರತ್ತು.

ಬೀದಿ ಅಂಗಡಿಯ ಶೇ 20 ಬೋರ್ಡ್ ಹಿಂದೆ ಸಾಮಾನ್ಯವಾಗಿ ಮೂರರಲ್ಲೊಂದು ಕಾರಣ. ಅವರ ಹತ್ರನೂ ಸಗಟು ಲೈಸೆನ್ಸ್ ಇದೆ. ಇಲ್ಲಾ ಬೋರ್ಡ್ ಕೆಳಗೆ ಸಣ್ಣಕ್ಷರದಲ್ಲಿ ಇನ್ಸುಲಿನ್, ಬೇಬಿ ಫುಡ್, ಪಟ್ಟಿಯ ಔಷಧಿ ಬಿಟ್ಟು ಅಂತಿದೆ. ಅದೂ ಇಲ್ಲಾಂದ್ರೆ ಲಾಭ ಬರೋದು ಬ್ರ್ಯಾಂಡ್ ಮಾಲಿಂದ ಅಲ್ಲ, ಜೆನರಿಕ್‌ನಿಂದ (ಅದೇ ಔಷಧಿ, ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದೆ ಮಾರೋದು). ನಾಲ್ಕನೇದೂ ಒಂದಿದೆ, ಬಿಲ್ ಇಲ್ಲದ ಮಾಲು. ಸ್ಟಾಕಿಸ್ಟ್ ದರಕ್ಕಿಂತ ಕಡಿಮೆಗೆ ಯಾರಾದರೂ ಚೀಲದಲ್ಲಿ ತಂದುಕೊಟ್ರೆ ಅದು ಎಲ್ಲಿಂದ ಬಂತು, ಹೆಂಗೆ ಇಟ್ಟಿದ್ರು, ಅಸಲಿಯೋ ಅಲ್ವೋ, ಒಂದೂ ಗೊತ್ತಾಗಲ್ಲ. ಸ್ಟ್ರಿಪ್ ಮೇಲಿರೋ ಬ್ಯಾಚ್ ನಂಬರ್ ಕೊಂಡ ಬಿಲ್ಲಲ್ಲಿ ಇಲ್ಲಾಂದ್ರೆ ಆ ಮಾಲು ಶೆಲ್ಫ್ ಹತ್ತಬಾರದು.

ಚೀಟಿ_ಓದುವವಳು:
ಜೆನರಿಕ್ ವಿಷಯ ಸ್ವಲ್ಪ ಬಿಡಿಸಬೇಕು, ಜನ ಎರಡನ್ನು ಒಂದೇ ಅಂದುಕೊಳ್ಳುತ್ತಾರೆ. ಜನೌಷಧಿಯ ಜೆನರಿಕ್‌ಗೆ ಎಂಆರ್‌ಪಿಯೇ ಕಡಿಮೆ. ಸಗಟು ಪೇಟೆಯ ಟ್ರೇಡ್ ಜೆನರಿಕ್‌ಗೆ ಎಂಆರ್‌ಪಿ ಬ್ರ್ಯಾಂಡಿನಷ್ಟೇ ಅಥವಾ ಹೆಚ್ಚು ಇರಬಹುದು, ಅಂಗಡಿಗೆ ಬೀಳುವ ದರ ಮಾತ್ರ ಕಾಲು ಭಾಗ. ಎಂಆರ್‌ಪಿ ₹100, ಬಿದ್ದದ್ದು ₹25 ಅನ್ನಿ. ಅಂಗಡಿಯವರು ಅರ್ಧಕ್ಕೆ ಕೊಟ್ಟರೂ ₹25 ಉಳಿಯಿತು. ಅದೇ ಸಾಲ್ಟಿನ (ಮಾತ್ರೆಯೊಳಗಿನ ಮೂಲ ಔಷಧಿ) ಬ್ರ್ಯಾಂಡ್ ₹60ಕ್ಕೆ ಇದ್ದರೆ ಗ್ರಾಹಕರಿಗೆ ₹10 ಉಳಿತಾಯ, ಅಂಗಡಿಗೆ ₹12ರ ಬದಲು ₹25. ಯಾರಿಗೂ ನಷ್ಟವಿಲ್ಲ. ಆದರೆ ಅದೇ ಸ್ಟ್ರಿಪ್ಪನ್ನು ‘ಶೇ 20 ಬಿಟ್ಟಿದ್ದೇನೆ’ ಅಂತ ₹80ಕ್ಕೆ ಕೊಟ್ಟರೆ ಗ್ರಾಹಕರು ರಿಯಾಯಿತಿ ಪಡೆದೂ ₹20 ಹೆಚ್ಚು ಕೊಟ್ಟ ಹಾಗಾಯಿತು. ಹಾಗಾಗಿ ಶೇಕಡಾ ಎಷ್ಟು ಬಿಟ್ಟರು ಅಂತ ಕೇಳಬೇಡಿ. ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ.

ಇನ್ನೊಂದು. ಶೆಡ್ಯೂಲ್ ಎಚ್ ಔಷಧಿಗೆ (ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡುವಂಥದ್ದು) ಚೀಟಿಯಲ್ಲಿ ಡಾಕ್ಟರು ಬ್ರ್ಯಾಂಡ್ ಬರೆದಿದ್ದರೆ, ಅದೇ ಸಾಲ್ಟ್ ಆದರೂ ಬೇರೆ ಕಂಪನಿಯದನ್ನು ಫಾರ್ಮಸಿಸ್ಟ್ ತಾನಾಗಿ ಬದಲಿಸಿ ಕೊಡುವಂತಿಲ್ಲ. 1945ರ ಔಷಧ ನಿಯಮಾವಳಿಯಲ್ಲಿ ಇದು ಇವತ್ತಿಗೂ ಹಾಗೇ ಇದೆ. ವೈದ್ಯರು ಜೆನರಿಕ್ ಹೆಸರಲ್ಲೇ ಬರೆಯಬೇಕು ಎಂಬ ವೈದ್ಯಕೀಯ ಆಯೋಗದ ನಿಯಮ 2023ರ ಆಗಸ್ಟ್‌ನಲ್ಲಿ ಬಂತು, ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಸದ್ಯಕ್ಕಿರುವ ದಾರಿ ಒಂದೇ, ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು ಚೀಟಿಯಲ್ಲೇ ತಿದ್ದಿಸುವುದು. ಕೌಂಟರ್ ಮುಂದೆ ಏಳು ಜನ ನಿಂತಿರುವಾಗ ಇದನ್ನು ಎಷ್ಟು ಜನ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಜಮಾಖರ್ಚು:
ಇಷ್ಟು ಹೊತ್ತು ಒಂದು ಸ್ಟ್ರಿಪ್ ಲೆಕ್ಕ. ಈಗ ಒಂದು ತಿಂಗಳದ್ದು. ರಾಜಾಜಿನಗರ, ವಿಜಯನಗರದಂಥ ವಸತಿ ಬಡಾವಣೆ, ಅಡ್ಡರಸ್ತೆ, 250 ಚದರಡಿ ಅಂಗಡಿ. ಅಂಕಿಗಳು ಮಾದರಿಗಾಗಿ, ನಿಮ್ಮದನ್ನು ಹಾಕಿಕೊಳ್ಳಿ.

ಎಂಆರ್‌ಪಿ ಲೆಕ್ಕದಲ್ಲಿ ತಿಂಗಳ ಮಾರಾಟ ₹6,00,000. ಇದರಲ್ಲಿ ಪಟ್ಟಿಯಲ್ಲಿಲ್ಲದ ಬ್ರ್ಯಾಂಡ್ ಮಾಲು ₹3,60,000, ಬಿದ್ದದ್ದು ₹2,88,000. ಪಟ್ಟಿಯ ಮಾಲು ₹1,50,000, ಬಿದ್ದದ್ದು ₹1,29,300. ಜೆನರಿಕ್, ಬ್ಯಾಂಡೇಜ್, ಸಿರಿಂಜ್ ಇತ್ಯಾದಿ ₹90,000, ಬಿದ್ದದ್ದು ₹49,500. ಒಟ್ಟು ಕೊಂಡದ್ದು ₹4,66,800. ಸರಾಸರಿ ಶೇ 6 ರಿಯಾಯಿತಿ ಬಿಟ್ಟರೆ ಗಲ್ಲಾಪೆಟ್ಟಿಗೆಗೆ ₹5,64,000. ವ್ಯತ್ಯಾಸ ₹97,200, ತೆರಿಗೆ ಕಳೆದು ₹92,571.

ಖರ್ಚು: ಬಾಡಿಗೆ 32,000. ಫಾರ್ಮಸಿಸ್ಟ್ 24,000. ಹುಡುಗ 15,000. ಕರೆಂಟು 6,000. ಎಕ್ಸ್‌ಪೈರಿ ನಷ್ಟ ಖರೀದಿಯ ಶೇ 1 ಎಂದು 4,700. ಸಾಫ್ಟ್‌ವೇರ್, ಕವರು, ಇಂಟರ್‌ನೆಟ್, ಆಡಿಟರ್ 5,000. ಒಟ್ಟು ₹86,700. ಮಾಲೀಕರಿಗೆ ಉಳಿದದ್ದು ₹5,871.

ಇದರಲ್ಲಿ ಬಂಡವಾಳದ ಬಡ್ಡಿ ಇಲ್ಲ. 45 ದಿನದ ದಾಸ್ತಾನು ಅಂದರೆ ₹7 ಲಕ್ಷ. ಶೇ 12ರಂತೆ ತಿಂಗಳಿಗೆ ₹7,000. ಆಯಿತು, ಅಲ್ಲಿಗೆ ಮುಗಿಯಿತು. ಸ್ಟಾಕಿಸ್ಟ್ 21 ದಿನ ಸಾಲ ಕೊಟ್ಟರೆ ಬಡ್ಡಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದೇ ಅಂಗಡಿ ಎಲ್ಲರಿಗೂ ಶೇ 10 ಬಿಟ್ಟರೆ ತಿಂಗಳಿಗೆ ₹17,000 ಹತ್ತಿರ ಕೈಯಿಂದ ಹಾಕಬೇಕು. ಮಾಲೀಕರೇ ನೋಂದಾಯಿತ ಫಾರ್ಮಸಿಸ್ಟ್ ಆಗಿದ್ದರೆ ಆ ₹24,000 ಮನೆಗೇ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕೌಂಟರಿನಲ್ಲಿ ನಿಲ್ಲುವ ಅಂಗಡಿಗಳು ಬದುಕುವುದೂ, ಬಂಡವಾಳ ಹಾಕಿ ಆಳು ಇಟ್ಟ ಅಂಗಡಿಗಳು ಎರಡೇ ವರ್ಷಕ್ಕೆ ಕೈ ಬದಲಾಗುವುದೂ ಇದೇ ಕಾರಣಕ್ಕೆ.

ಬಸವೇಶ್ವರನಗರ_ಗ್ರಾಹಕ:
ಅಂದರೆ ಒಂದು ರೂಪಾಯಿಯೂ ಬಿಡದ ಮೂರನೆಯವರನ್ನು ಸುಮ್ಮನೆ ಬೈದುಕೊಂಡೆವು!

ಡಿಫಾರ್ಮ್_ಕೌಂಟರ್:
ಪೂರ್ತಿ ಹಾಗೂ ಅಲ್ಲ. ಅವರು ಯಾವ ಮಾಲನ್ನು ಮುಂದೆ ತಳ್ಳುತ್ತಾರೆ ಅನ್ನುವುದನ್ನೂ ನೋಡಬೇಕು. ಪಾಲು ಶೇಕಡಾವಾರು ಇರುವುದರಿಂದ ಅಗ್ಗದ ಔಷಧಿ ಮಾರುವವನಿಗೆ ಲುಕ್ಸಾನೇ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಮಾತ್ರೆ ನೋಡಿ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿಯುವ ಮುಂಚೆ ಒಂದು ಮಾತ್ರೆ ₹60ರ ಆಸುಪಾಸು, ಆಮೇಲೆ ಹತ್ತು ರೂಪಾಯಿಯ ಒಳಗೇ ಸಿಗತೊಡಗಿತು. ರೋಗಿಗೆ ತಿಂಗಳಿಗೆ ಸಾವಿರದ ಮೇಲೆ ಉಳಿತಾಯ, ಬಹಳ ಒಳ್ಳೆಯದು. ಅಂಗಡಿಯ ಕಡೆಯಿಂದ ನೋಡಿದರೆ ₹60ರಲ್ಲಿ ₹12 ಸಿಗುತ್ತಿದ್ದ ಕಡೆ ₹9ರಲ್ಲಿ ₹1.80. ಚೀಟಿ ಓದುವ ಕೆಲಸ, ಬಿಲ್, ಕವರು, ಶೆಲ್ಫಿನ ಜಾಗ ಎಲ್ಲ ಅಷ್ಟೇ. ಪೇಟೆಂಟ್ ಮುಗಿದ ವಾರ ಹಳೆ ದರದ ಮಾಲು ಹತ್ತು ಸ್ಟ್ರಿಪ್ ಇಟ್ಟುಕೊಂಡವರಿಗೆ ಅದನ್ನು ದಾಟಿಸುವುದೇ ಕಷ್ಟವಾಯಿತು. ಯಾವ ಸಾಲ್ಟಿನ ಪೇಟೆಂಟ್ ಯಾವಾಗ ಮುಗಿಯುತ್ತದೆ ಅನ್ನುವುದನ್ನು ಎರಡು ತಿಂಗಳ ಮುಂಚೆಯೇ ತಿಳಿದುಕೊಂಡು ದಾಸ್ತಾನು ಒಂದು ವಾರದ್ದಕ್ಕೆ ಇಳಿಸಬೇಕು.

ಕ್ಯಾನ್ಸರ್ ಔಷಧಿಗಳಲ್ಲಿ ಇದೇ ಶೇಕಡಾ ಆಟ ಅತಿರೇಕಕ್ಕೆ ಹೋಗಿತ್ತು. ಅದಕ್ಕೇ 2019ರ ಫೆಬ್ರುವರಿಯಲ್ಲಿ ಪಟ್ಟಿಯಲ್ಲಿಲ್ಲದ 42 ಕ್ಯಾನ್ಸರ್ ಔಷಧಿಗಳಿಗೆ ವ್ಯಾಪಾರದ ಒಟ್ಟು ಪಾಲು ಶೇ 30 ಮೀರಬಾರದು ಅಂತ ಮಿತಿ ಹಾಕಿದರು. ಉಳಿದ ಜೆನರಿಕ್‌ಗಳಿಗೂ ಇಂಥದ್ದೊಂದು ಮಿತಿ ಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ, ಕೌಂಟರಿನ ಈಚೆ ನಿಂತೇ ಹೇಳುತ್ತಿದ್ದೇನೆ.

ಹೊಸ_ಅಂಗಡಿ_ನಾಗರಬಾವಿ:
ಜಮಾಖರ್ಚು ಸರ್, ಜಿಎಸ್‌ಟಿಗೆ ಕಂಪೋಸಿಷನ್ (ಮಾರಾಟದ ಮೇಲೆ ಸಣ್ಣ ಶೇಕಡಾ ಕಟ್ಟುವ ಸರಳ ಪದ್ಧತಿ) ಒಳ್ಳೆಯದಾ, ರೆಗ್ಯುಲರ್ (ಕೊಂಡಾಗಿನ ತೆರಿಗೆ ಕಳೆದು ಮಿಕ್ಕಿದ್ದು ಕಟ್ಟುವ ಮಾಮೂಲಿ ಪದ್ಧತಿ) ಒಳ್ಳೆಯದಾ? ಕೇಳಿದ ಇಬ್ಬರು ಆಡಿಟರ್ ಎರಡು ಥರ ಹೇಳುತ್ತಾರೆ.

ಜಮಾಖರ್ಚು:
ಇಬ್ಬರೂ ಸರಿ ಇರಬಹುದು, ಒಬ್ಬರು 2025ರ ಸೆಪ್ಟೆಂಬರ್ 22ಕ್ಕೆ ಮುಂಚಿನ ಲೆಕ್ಕ ಹೇಳುತ್ತಿರಬೇಕು. ಆ ದಿನ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು.

ವರ್ಷಕ್ಕೆ ₹1.5 ಕೋಟಿ ವಹಿವಾಟಿನವರೆಗೆ ಕಂಪೋಸಿಷನ್ ತೆಗೆದುಕೊಳ್ಳಬಹುದು. ಮಾರಾಟದ ಮೇಲೆ ಶೇ 1 ಕಟ್ಟಬೇಕು, ಕೊಂಡಾಗ ಕೊಟ್ಟ ತೆರಿಗೆ ವಾಪಸ್ ಇಲ್ಲ. ₹80ಕ್ಕೆ ಬಿದ್ದು ₹100ಕ್ಕೆ ಮಾರಿದ ಸ್ಟ್ರಿಪ್ಪಿನಲ್ಲಿ ಶೇ 12 ಇದ್ದಾಗ ರೆಗ್ಯುಲರ್‌ಗೆ ಉಳಿಯುತ್ತಿದ್ದದ್ದು ₹17.86, ಕಂಪೋಸಿಷನ್‌ಗೆ ₹19. ಕಣ್ಣು ಮುಚ್ಚಿ ಕಂಪೋಸಿಷನ್ ಅನ್ನಬಹುದಿತ್ತು. ಈಗ ರೆಗ್ಯುಲರ್‌ಗೆ ₹19.05, ಕಂಪೋಸಿಷನ್‌ಗೆ ಅದೇ ₹19. ಶೇ 10 ಬಿಟ್ಟು ಮಾರಿದರೆ ₹9.52 ಮತ್ತು ₹9.10. ಬ್ರ್ಯಾಂಡ್ ಮಾಲೇ ಹೆಚ್ಚು, ರಿಯಾಯಿತಿಯೂ ಹೆಚ್ಚು ಅಂದರೆ ರೆಗ್ಯುಲರ್. ಜೆನರಿಕ್ ಹೆಚ್ಚು ಅಂದರೆ ಕಂಪೋಸಿಷನ್: ₹55ಕ್ಕೆ ಬಿದ್ದ ಮಾಲಿನಲ್ಲಿ ₹42.86ರ ಎದುರು ₹44.

ಆದರೆ ಬಾಡಿಗೆಯ ಕೊಕ್ಕೆಯೊಂದಿದೆ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ರೆಗ್ಯುಲರ್ ಅಂಗಡಿಯವರೇ ನಗದಾಗಿ ಕಟ್ಟಬೇಕು. ₹32,000ಕ್ಕೆ ₹5,760. ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು, ವಾಪಸ್ ಪಡೆಯಬಹುದು ಅಂತ ಆಡಿಟರ್ ಹೇಳುತ್ತಾರೆ, ನಿಜ. ಆದರೆ ನಮ್ಮ ಮಾದರಿ ಅಂಗಡಿಯ ಮಾರಾಟದ ತೆರಿಗೆ ₹26,857, ಖರೀದಿಯ ತೆರಿಗೆ ₹22,229, ಕಟ್ಟಬೇಕಾದ್ದೇ ₹4,628. ₹5,760ರಲ್ಲಿ ₹1,132 ಹೊಂದಾಣಿಕೆಯಾಗದೆ ಲೆಡ್ಜರಿನಲ್ಲೇ ಪ್ರತಿ ತಿಂಗಳೂ ಗುಡ್ಡೆಯಾಗುತ್ತದೆ. ಕಂಪೋಸಿಷನ್‌ನವರಿಗೆ ಬಾಡಿಗೆಯ ಈ ತೆರಿಗೆ ಇಲ್ಲ. ಅದನ್ನೂ ಸೇರಿಸಿದರೆ ನಮ್ಮ ಮಾದರಿಯಲ್ಲಿ ರೆಗ್ಯುಲರ್‌ಗೆ ₹91,439, ಕಂಪೋಸಿಷನ್‌ಗೆ ₹91,560. ನೂರಿಪ್ಪತ್ತು ರೂಪಾಯಿ ವ್ಯತ್ಯಾಸ. ಅಂಥಾಗ ಕಾಗದಪತ್ರ ಕಡಿಮೆ ಇರುವುದನ್ನು ಆರಿಸಿ: ಕಂಪೋಸಿಷನ್‌ಗೆ ಮೂರು ತಿಂಗಳಿಗೊಂದು ಸಿಎಂಪಿ-08 ಫಾರಂ, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕ ತೋರಿಸಿ ವಸೂಲಿ ಮಾಡುವಂತಿಲ್ಲ, ಮರೆಯಬೇಡಿ.

ಕಾಟನ್‌ಪೇಟೆ_ಸ್ಟಾಕಿಸ್ಟ್:
ಆ ಸೆಪ್ಟೆಂಬರ್‌ದು ಕೇಳ್ಲೇಬೇಡಿ. ₹100 ಅಂತ ಅಚ್ಚಾದ ಶೇ 12ರ ಸ್ಟ್ರಿಪ್, ತೆರಿಗೆ ಇಳಿದಷ್ಟು ಕಳೆದು ₹93.75ಕ್ಕೆ ಮಾರ್ಬೇಕಾಯ್ತು. ಕೊಂಡಾಗ ₹8.57 ತೆರಿಗೆ ಕೊಟ್ಟಿದ್ರು, ಮಾರಿದಾಗ ₹4.46 ಬಂತು. ರೆಗ್ಯುಲರ್‌ನವರ ಮಿಕ್ಕ ₹4.11 ಕ್ರೆಡಿಟ್ಟಲ್ಲಿ ಕೂತ್ಕೊಂತು. ಕಂಪೋಸಿಷನ್‌ನವರಿಗೆ ಅದೂ ಇಲ್ಲ, ನೇರವಾಗಿ ಲಾಭದಿಂದಲೇ ಹೋಯ್ತು.

ಚೀಟಿ_ಓದುವವಳು:
ಎಕ್ಸ್‌ಪೈರಿಗೆ ಶೇ 1 ಅಂತ ಜಮಾಖರ್ಚು ಸರ್ ಹಾಕಿದ್ದಾರೆ, ಅದು ಶಿಸ್ತಾಗಿರುವ ಅಂಗಡಿಯ ಲೆಕ್ಕ. ಶಿಸ್ತು ಅಂದರೆ ಇಷ್ಟು. ಮೊದಲು ಬಂದದ್ದು ಮೊದಲು ಹೋಗುವುದಲ್ಲ, ಮೊದಲು ಮುಗಿಯುವುದು ಮೊದಲು ಹೋಗಬೇಕು. ಹೊಸ ಬ್ಯಾಚಿಗೆ ಕೆಲವೊಮ್ಮೆ ಹಳೆಯದಕ್ಕಿಂತ ಹತ್ತಿರದ ಎಕ್ಸ್‌ಪೈರಿ ಇರುತ್ತದೆ. ಮಾಲು ಇಳಿಸಿಕೊಳ್ಳುವಾಗಲೇ ಆರು ತಿಂಗಳಿಗಿಂತ ಕಡಿಮೆ ಆಯಸ್ಸಿರುವುದನ್ನು ವಾಪಸ್ ಕಳಿಸಿ. ಪ್ರತಿ ತಿಂಗಳ ಮೊದಲ ವಾರ ಮುಂದಿನ ಮೂರು ತಿಂಗಳಲ್ಲಿ ಮುಗಿಯುವ ಮಾಲಿನ ಪಟ್ಟಿ ತೆಗೆದು ಬೇರೆ ಡಬ್ಬಿಗೆ ಹಾಕಿ. ಸ್ಟಾಕಿಸ್ಟ್ ಯಾವ ಕಂಪನಿಯದನ್ನು ಎಷ್ಟು ದಿನದೊಳಗೆ ವಾಪಸ್ ಪಡೆಯುತ್ತಾರೆ, ಕ್ರೆಡಿಟ್ ನೋಟಿನಲ್ಲಿ ಎಷ್ಟು ಕಡಿತ ಮಾಡುತ್ತಾರೆ ಅನ್ನುವುದನ್ನು ಮೊದಲ ಆರ್ಡರಿನ ದಿನವೇ ಬರೆಸಿಕೊಳ್ಳಿ. ಪ್ಯಾಕಿನ ಮೇಲೆ 03/2026 ಅಂತಿದ್ದರೆ ಮಾರ್ಚ್ ಕೊನೆಯ ದಿನದವರೆಗೂ ಸಿಂಧು.

ಕಟ್ ಸ್ಟ್ರಿಪ್ ಇನ್ನೊಂದು ಸೋರಿಕೆ. ಕತ್ತರಿ ಹಾಕುವಾಗ ಬ್ಯಾಚು, ಎಕ್ಸ್‌ಪೈರಿ ಇರುವ ತುದಿ ಕೊನೆಗೆ ಉಳಿಯಬೇಕು. ಆ ತುದಿ ಮೊದಲ ಗ್ರಾಹಕರ ಜೊತೆ ಹೋಯಿತೆಂದರೆ ಉಳಿದ ಏಳು ಮಾತ್ರೆ ಮಾರಲೂ ಬರುವುದಿಲ್ಲ, ವಾಪಸೂ ಆಗುವುದಿಲ್ಲ. ಬಿಡಿ ಮಾತ್ರೆಗೆ ಬೆಲೆಯೂ ಸ್ಟ್ರಿಪ್ಪಿನ ಬೆಲೆಯನ್ನು ಭಾಗಿಸಿದಷ್ಟೇ, ‘ಲೂಸ್ ಚಾರ್ಜ್’ ಹಾಕುವಂತಿಲ್ಲ.

ಫ್ರಿಜ್: ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ. ಬಾಗಿಲಿನ ಅರೆಯಲ್ಲಿ ಬೇಡ, ಹಿಂಬದಿ ಗೋಡೆಗೆ ತಾಗಿಸಿಯೂ ಬೇಡ. ಗೋಡೆಗೆ ತಾಗಿ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಸರಿಯಾಗೇ ಕಾಣಬಹುದು, ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಬೆಳಿಗ್ಗೆ, ಸಂಜೆ ಉಷ್ಣತೆ ಬರೆದಿಡಿ. ಏಪ್ರಿಲ್‌ನಲ್ಲಿ ಕರೆಂಟು ಹೋದಾಗ ಇನ್ವರ್ಟರ್ ಫ್ಯಾನಿಗಲ್ಲ, ಫ್ರಿಜ್‌ಗೆ.

ಜನೌಷಧಿ_ಯಲಹಂಕ:
ಜನೌಷಧಿ ಕೇಂದ್ರದ ಲೆಕ್ಕ ಬೇರೆ. ಅಲ್ಲಿ ಅಂಗಡಿಗೆ ತೆರಿಗೆ ಬಿಟ್ಟ ಎಂಆರ್‌ಪಿಯಲ್ಲಿ ಶೇ 20, ಮೇಲೆ ತಿಂಗಳ ಖರೀದಿಯ ಶೇ 20 ಪ್ರೋತ್ಸಾಹಧನ, ತಿಂಗಳಿಗೆ ಗರಿಷ್ಠ ₹20,000. ₹1 ಲಕ್ಷದ ಮಾಲು ಎತ್ತಿದರೆ ಆ ಮಿತಿ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಎತ್ತಿದರೂ ಪ್ರೋತ್ಸಾಹಧನ ಬೆಳೆಯುವುದಿಲ್ಲ. ಜಾಗ 120 ಚದರಡಿ ಸಾಕು. ತೊಂದರೆ ಬರುವುದು ಎರಡು ಕಡೆ. ಚೀಟಿಯಲ್ಲಿ ಐದು ಔಷಧಿ ಇದ್ದು ಎರಡು ಸಿಗದಿದ್ದರೆ ಗ್ರಾಹಕರು ಐದನ್ನೂ ಪಕ್ಕದ ಅಂಗಡಿಯಲ್ಲೇ ಕೊಳ್ಳುತ್ತಾರೆ. ಬೇರೆ ಕಂಪನಿಯ ಔಷಧಿ ತಂದು ತುಂಬುವಂತೆಯೂ ಇಲ್ಲ. ಇನ್ನು ಸರ್ಕಾರಿ ಆಸ್ಪತ್ರೆ ಆವರಣವನ್ನೇ ನೆಚ್ಚಿಕೊಂಡವರು 2025ರ ಮೇ ತಿಂಗಳ ರಾಜ್ಯ ಸರ್ಕಾರದ ಆದೇಶ ನೋಡಿದ್ದೀರಿ, ಆವರಣದೊಳಗಿನ ಕೇಂದ್ರ ಮುಚ್ಚಿ ಅಂತ. ಅದು ಹೈಕೋರ್ಟ್ ಮೆಟ್ಟಿಲು ಹತ್ತಿತು. ಹೊರಗೆ, ರಸ್ತೆ ಬದಿ ಜಾಗ ಹಿಡಿಯುವುದು ವಾಸಿ.

ಹೊಸ_ಅಂಗಡಿ_ನಾಗರಬಾವಿ:
ಲೈಸೆನ್ಸ್‌ಗೆ ಜಾಗ ಎಷ್ಟಿರಬೇಕು? ಒಬ್ಬರು 110 ಚದರಡಿ ಇದೆ, ಸಾಕು ಎನ್ನುತ್ತಿದ್ದಾರೆ. 10 ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ.

ಡಿಫಾರ್ಮ್_ಕೌಂಟರ್:
ಚಿಲ್ಲರೆಗೆ 10 ಚದರ ಮೀಟರ್, ಅಂದರೆ 107.6 ಚದರಡಿ. ಚಿಲ್ಲರೆ, ಸಗಟು ಎರಡೂ ಒಂದೇ ಕಡೆ ಬೇಕಾದರೆ 15 ಚದರ ಮೀಟರ್, 161 ಚದರಡಿ. ಮಾಲೀಕರ 110 ಗೋಡೆ ಸೇರಿಸಿ ಅಳೆದದ್ದಿರಬಹುದು. ಟೇಪು ಹಿಡಿದು ಒಳಗಿನ ನೆಲ ಮಾತ್ರ ನೀವೇ ಅಳೆಯಿರಿ, ಕಂಬ, ಮೆಟ್ಟಿಲ ಕೆಳಗಿನ ಮೂಲೆ ಬಿಟ್ಟು. ಇನ್‌ಸ್ಪೆಕ್ಟರ್ ಬಂದು 104 ಅಂದರೆ ಅರ್ಜಿ ಅಲ್ಲಿಗೇ ನಿಂತಿತು, ಬಾಡಿಗೆ ಓಡುತ್ತಿರುತ್ತದೆ. ಫಾರಂ 20, 21ರ ಲೈಸೆನ್ಸ್ ಎರಡೂ ಬೇಕು. ಫಾರ್ಮಸಿಸ್ಟ್ ಹೆಸರು ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನವೀಕರಣ ಆಗಿದೆಯೇ, ಇನ್ನೊಂದು ಅಂಗಡಿಯ ಲೈಸೆನ್ಸಿನಲ್ಲಿ ಇನ್ನೂ ಉಳಿದಿದೆಯೇ ನೋಡಿ. ಸರ್ಟಿಫಿಕೇಟ್ ಮಾತ್ರ ಬಾಡಿಗೆಗೆ ಪಡೆದು ಗೋಡೆಗೆ ತೂಗುಹಾಕುವ ಯೋಚನೆ ಇದ್ದರೆ ಈಗಲೇ ಬಿಡಿ. ಕೌಂಟರಿನಲ್ಲಿ ಆ ಮನುಷ್ಯ ಇಲ್ಲದ ಹೊತ್ತಲ್ಲಿ ತಪಾಸಣೆ ಬಂದರೆ ಲೈಸೆನ್ಸೇ ಅಮಾನತು. ಶೆಡ್ಯೂಲ್ ಎಚ್1ಕ್ಕೆ (ಇನ್ನೂ ಹೆಚ್ಚು ನಿಗಾದ ಔಷಧಿಗಳ ಪಟ್ಟಿ) ರಿಜಿಸ್ಟರ್ ಬೇರೆ ಇಡಬೇಕು. ರೋಗಿಯ ಹೆಸರು, ಡಾಕ್ಟರ ಹೆಸರು ವಿಳಾಸ, ಔಷಧಿ, ಪ್ರಮಾಣ ಬರೆದು ಮೂರು ವರ್ಷ ಕಾಪಾಡಬೇಕು.

ಬಸವೇಶ್ವರನಗರ_ಗ್ರಾಹಕ:
ಕೊನೆಗೊಂದು. ಗ್ರಾಹಕರಾಗಿ ಗರಿಷ್ಠ ಬೆಲೆ ಮೀರಿದ್ದನ್ನು ಪತ್ತೆ ಹಚ್ಚುವುದು ಹೇಗೆ?

ಚೀಟಿ_ಓದುವವಳು:
ಔಷಧ ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಇದೆ, ಬ್ರ್ಯಾಂಡ್ ಹೆಸರು ಹಾಕಿದರೆ ಬೆಲೆ, ಅದೇ ಸಾಲ್ಟಿನ ಬೇರೆ ಬ್ರ್ಯಾಂಡುಗಳೂ ಕಾಣುತ್ತವೆ. ಗರಿಷ್ಠ ಬೆಲೆಗೆ ಜಿಎಸ್‌ಟಿ ಕೂಡಿಸಿ ಹೋಲಿಸಿ. ಕೂಡಿಸದೆ ನೋಡಿ ಜಗಳಕ್ಕೆ ಬರುವವರೇ ಹೆಚ್ಚು. ಪಟ್ಟಿಯ ಔಷಧಿಗಳ ಬೆಲೆ ಪ್ರತಿ ಏಪ್ರಿಲ್ 1ಕ್ಕೆ ಸಗಟು ಬೆಲೆ ಸೂಚ್ಯಂಕದಂತೆ ಬದಲಾಗುತ್ತದೆ. 2023ರಲ್ಲಿ ಶೇ 12.12 ಏರಿಕೆಗೆ ಅವಕಾಶವಿತ್ತು, 2024ರಲ್ಲಿ ಶೇ 0.00551. ಪಟ್ಟಿಯಲ್ಲಿಲ್ಲದವುಗಳಿಗೆ ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಟೆಲ್ಮಿಸಾರ್ಟನ್ ಒಂದೇ ಇದ್ದರೆ ಪಟ್ಟಿಯೊಳಗೆ, ಅದಕ್ಕೆ ಆಮ್ಲೋಡಿಪಿನ್ ಸೇರಿದ ಜೋಡಿ ಮಾತ್ರೆ ಪಟ್ಟಿಯ ಹೊರಗೆ. ಬಿಪಿ ಮಾತ್ರೆ ಕೊಳ್ಳುವವರು ಎರಡನ್ನೂ ಬೇರೆ ಬೇರೆ ಕೊಂಡರೆ ಎಷ್ಟಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ, ಕಡಿಮೆ ಬಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬೇರೆ ಬೇರೆ ಬರೆದುಕೊಡಬಹುದೇ ಅಂತ ಕೇಳಿ.